ಹೆಸರು ಹಲವು, ಇಂಜಿನ್ ಒಂದೇ: 1.3 ಮಲ್ಟಿಜೆಟ್ ಜೊತೆ 12 ವರ್ಷ

ನನ್ನದು 2012ರ ಸ್ವಿಫ್ಟ್ ಡೀಸೆಲ್. ಮೀಟರ್ 2.1 ಲಕ್ಷ ದಾಟಿದೆ. ಬಾನೆಟ್ ಒಳಗೆ ಕೂತಿರುವುದು ಫಿಯಟ್‌ನ 1.3 ಮಲ್ಟಿಜೆಟ್ ಅನ್ನುವ ಡೀಸೆಲ್ ಇಂಜಿನ್, 1248 ಸಿಸಿ. ಮಾರುತಿಯವರು ಇದಕ್ಕೆ ಡಿಡಿಐಎಸ್ ಅಂದರು, ಟಾಟಾದವರು ಕ್ವಾಡ್ರಾಜೆಟ್ ಅಂದರು. ಪುಂಟೊ, ಲಿನಿಯಾ, ವಿಸ್ಟಾ, ಮಾಂಜಾ, ಎರ್ಟಿಗಾ, ಸಿಯಾಜ್, ಷೆವರ್ಲೆ ಸೇಲ್, ಎಲ್ಲದರಲ್ಲೂ ಇದೇ. ಫಿಯಟ್ ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ಮಾಡುತ್ತಿತ್ತು, ಸುಜುಕಿ ಮಾನೇಸರ್‌ನಲ್ಲಿ. 'ನ್ಯಾಷನಲ್ ಇಂಜಿನ್' ಅಂತ ಜನ ಕರೆದಿದ್ದು ಸುಮ್ನೆ ಅಲ್ಲ.

ಇದರ ಸ್ವಭಾವ ಗೊತ್ತಾಗಬೇಕಾದರೆ ಆಗುಂಬೆ ಘಾಟಿ ಹತ್ತಬೇಕು. 2000 ಆರ್‌ಪಿಎಂ ಕೆಳಗೆ ಇದಕ್ಕೆ ಇನ್ನೂ ಬೆಳಗಾಗಿರುವುದಿಲ್ಲ. ಹೇರ್‌ಪಿನ್ ತಿರುವಿನಲ್ಲಿ ಸೆಕೆಂಡ್ ಗೇರಿನಲ್ಲೇ ತಿರುಗಿಸಿ ಆಕ್ಸಿಲರೇಟರ್ ಒತ್ತಿ ನೋಡಿ, ಏನೂ ಆಗುವುದಿಲ್ಲ. ಒಂದು, ಎರಡು ಎಣಿಸುವಷ್ಟರಲ್ಲಿ ಟರ್ಬೊ (ಇಂಜಿನ್ನಿಗೆ ಗಾಳಿ ತುರುಕುವ ಫ್ಯಾನು) ಎದ್ದು, ಹಿಂದಿನಿಂದ ಯಾರೋ ದಬ್ಬಿದ ಹಾಗೆ ಗಾಡಿ ನುಗ್ಗುತ್ತದೆ. ಐದು ಜನ ಕೂತಿದ್ದರೆ ಮರ್ಯಾದೆಯಿಂದ ಫಸ್ಟ್‌ಗೆ ಇಳಿಸುವುದೇ ಒಳ್ಳೆಯದು. ಭಾವನ ಎರ್ಟಿಗಾದಲ್ಲೂ ಇದೇ ಇಂಜಿನ್, ಆದರೆ ಅದರ ಟರ್ಬೊ ಬೇರೆ ಥರದ್ದು. ನನ್ನದರ ಶಕ್ತಿ 75 ಪಿಎಸ್, ಅವನದರದ್ದು 90. ಹೈವೇಯಲ್ಲಿ ಓವರ್‌ಟೇಕ್ ಮಾಡುವಾಗ ಹೊಟ್ಟೆ ಉರಿಯುತ್ತದೆ.

'ಒಂದೇ ಇಂಜಿನ್, ಪಾರ್ಟ್ಸ್ ಎಲ್ಲಿ ಬೇಕಾದರೂ ಸಿಗುತ್ತೆ' ಅನ್ನುವವರಿಗೆ ಒಂದು ಮಾತು. ನಾನೂ ಹಾಗೇ ನಂಬಿದ್ದೆ. ಮೂರು ವರ್ಷದ ಹಿಂದೆ ಘಾಟಿ ಹತ್ತಿ ತೀರ್ಥಹಳ್ಳಿ ಕಡೆ ಹೋಗುವಾಗ ಟಪ್ ಅಂತ ಸದ್ದಾಯಿತು. ಗಾಡಿಯಲ್ಲಿ ಶಕ್ತಿಯೇ ಇಲ್ಲ, ಹಿಂದೆ ಕಪ್ಪು ಹೊಗೆ. ಇಂಟರ್‌ಕೂಲರ್ ಹೋಸ್, ಅಂದರೆ ಟರ್ಬೊದ ಗಾಳಿ ಸಾಗಿಸುವ ರಬ್ಬರ್ ಪೈಪು, ಬಾಯಿ ಬಿಟ್ಟಿತ್ತು. ಅಷ್ಟು ವರ್ಷದ ರಬ್ಬರು, ಯಾರನ್ನೂ ಬೈಯುವ ಹಾಗಿಲ್ಲ. ತೆವಳಿಕೊಂಡು ಹೋಗಿ ಒಂದು ಸಣ್ಣ ಗ್ಯಾರೇಜ್ ಹಿಡಿದೆ. ಮೇಸ್ತ್ರಿ ಬಾನೆಟ್ ಎತ್ತುವ ಮೊದಲೇ, ಸದ್ದು ಕೇಳಿ 'ಫಿಯಟ್ ಇಂಜಿನ್ ಅಲ್ವಾ' ಅಂದರು. ಮೂಲೆಯಲ್ಲಿದ್ದ ವಿಸ್ಟಾದ ಹೋಸ್ ತಂದು ಹಿಡಿದು ನೋಡಿದರೆ ಬಾಗುವಿಕೆಯೇ ಬೇರೆ! ಒಳಗಿನ ಕಬ್ಬಿಣ ಒಂದೇ ಆದರೂ ಸುತ್ತಲಿನ ಪೈಪು, ಮೌಂಟಿಂಗ್, ವೈರಿಂಗ್ ಎಲ್ಲ ಆಯಾ ಗಾಡಿಯದ್ದೇ. ಕೊನೆಗೆ ಒಡೆದ ಹೋಸಿಗೇ ಟೇಪು ಸುತ್ತಿ, ಎರಡು ಕ್ಲಿಪ್ ಬಿಗಿದು ಕಳಿಸಿದರು. ಶಿವಮೊಗ್ಗ ತನಕ ನಲವತ್ತು ದಾಟದೆ ಬಂದೆ.

ಆದರೆ ಆ ಮೇಸ್ತ್ರಿಗೆ ರೋಗ ಹಿಡಿಯಲು ಐದು ನಿಮಿಷ ಸಾಕಾಯಿತು ನೋಡಿ. ಇಷ್ಟು ಕಾರುಗಳಲ್ಲಿ ಒಂದೇ ಇಂಜಿನ್ ಇದ್ದುದರ ಲಾಭ ಅದು.

ಖರ್ಚು ಅಂಥದ್ದೇನಿಲ್ಲ. ಇಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸಲು ಇದರಲ್ಲಿರುವುದು ಟೈಮಿಂಗ್ ಚೈನ್, ಬೆಲ್ಟ್ ಬದಲಿಸುವ ರಗಳೆ ಇಲ್ಲ. ಆಯಿಲ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ, ಚೈನ್ ಟೈಟಾಗಿ ಹಿಡಿಯುವುದೂ ಅದೇ ಆಯಿಲಿನ ಒತ್ತಡ. ನಾನು ಎಂಟು ಸಾವಿರ ಕಿಲೋಮೀಟರಿಗೇ ಬದಲಿಸುತ್ತೇನೆ. ಮೈಲೇಜ್ ಈಗಲೂ ಹೈವೇಯಲ್ಲಿ 20ರ ಆಸುಪಾಸು.

2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ನನ್ನ ಗಾಡಿಯ ಆರ್‌ಸಿ 2027ರ ತನಕ ಇದೆ. ಕೊಳ್ಳುತ್ತೇನೆ ಅಂತ ಇಬ್ಬರು ಕೇಳಿಕೊಂಡು ಬಂದಿದ್ದರು. ಕಾಫಿ ಕೊಟ್ಟು ಕಳಿಸಿದೆ.