ಕವಡೆ ಚೀಲ ಗಟ್ಟಿಯಾಗಿದೆ, ಹೊಲಿದವಳ ಹೆಸರಿಲ್ಲ

ಹುಬ್ಬಳ್ಳಿಯ ದುರ್ಗದಬೈಲಿನ ಓಣಿಯೊಂದರ ಅಂಗಡಿಯಲ್ಲಿ 1,400 ರೂಪಾಯಿಗೆ ಹಳೆಯ ಲಂಬಾಣಿ ಚೀಲ ಕೊಂಡೆ. ಎಂಟು ತಿಂಗಳಿಂದ ದಿನವೂ ಹೆಗಲಿಗೇರಿಸುತ್ತಿದ್ದೇನೆ. ಒಂದು ಕವಡೆಯೂ ಉದುರಿಲ್ಲ. ಕನ್ನಡಿ ಚೂರುಗಳ ಸುತ್ತಲಿನ ಹೊಲಿಗೆಯಲ್ಲಿ ಉಗುರು ತೂರಿಸಲೂ ಜಾಗವಿಲ್ಲ. ಒಂದು ಮೂಲೆಯಲ್ಲಿ ಕೆಂಪು ದಾರ ಮುಗಿದು, ಅದೇ ಎಲೆ ಕಿತ್ತಳೆ ದಾರದಲ್ಲಿ ಮುಂದುವರಿದಿದೆ. ಆ ಮೂಲೆಯೇ ನನಗೆ ಬಲು ಇಷ್ಟ. ಒಳಪದರದ ಬಟ್ಟೆ ಮಾತ್ರ ಹೊಸದು, ಅಗ್ಗದ್ದು, ಆಗಲೇ ಹರಿದಿದೆ.

ಬೇಸರವಾದದ್ದು ಬೇರೆ. ಯಾವ ತಾಂಡಾದ್ದು, ಯಾರು ಹೊಲಿದದ್ದು ಎಂದು ಕೇಳಿದೆ. ‘ಗಂಟಿನಲ್ಲಿ ಬರುತ್ತವೆ ಅಕ್ಕಾರೇ, ಹೆಸರು ಯಾರು ಕೇಳುತ್ತಾರೆ?’ ಎಂದರು ಅಂಗಡಿಯವರು.

ಹೀಗೆ ಹೆಸರು ಕಳೆದುಹೋದದ್ದು ಬೇರೆಡೆಯೂ ಇದೆ. ಕೆನಡಾದ ಮೆಟಿ (ಅಲ್ಲಿನ ಮೂಲನಿವಾಸಿಗಳು ಮತ್ತು ಯುರೋಪಿನವರು ಬೆರೆತು ಹುಟ್ಟಿದ ಸಮುದಾಯ) ಹೆಂಗಸರು ಹದ ಮಾಡಿದ ಚರ್ಮದ ಚೀಲಗಳ ಮೇಲೆ ಯುರೋಪಿನ ಗಾಜಿನ ಮಣಿಗಳಿಂದ ಹೂಬಳ್ಳಿ ಹೊಲಿಯುತ್ತಿದ್ದರು: ಒಂದು ದಾರದಲ್ಲಿ ಮಣಿಸಾಲು, ಅದನ್ನು ಚರ್ಮಕ್ಕೆ ಬಿಗಿಯಲು ಇನ್ನೊಂದು ದಾರ. 19ನೇ ಶತಮಾನದಲ್ಲಿ ವ್ಯಾಪಾರಿಗಳು, ಸೈನಿಕರು, ಪಾದ್ರಿಗಳು ಅವನ್ನು ಒಯ್ದರು. ಎಷ್ಟೋ ವಸ್ತುಸಂಗ್ರಹಾಲಯಗಳಲ್ಲಿ ಕೊಟ್ಟವರ ಹೆಸರಿದೆ, ಮಾಡಿದವಳದ್ದಿಲ್ಲ. ಅದು ದೂರದ ಮಾತಾಯಿತು. ನಮ್ಮ ತಾಂಡಾಗಳು ಒಂದು ಬಸ್ಸಿನ ದಾರಿಯಲ್ಲಿವೆಯಲ್ಲ! ಹೊಲಿದವಳ ಹೆಸರಿನ ಚೀಟಿ ಕಟ್ಟಿ ಮಾರಲಿ. ಇನ್ನೂರು ರೂಪಾಯಿ ಹೆಚ್ಚಾದರೂ ತಂಗಿಗೆ ಅಲ್ಲೇ ಇನ್ನೊಂದು ಕೊಳ್ಳುತ್ತೇನೆ.