ಎ-440 ಉಕ್ಕಿನ ಶ್ರುತಿಕವೆ: ಕಿವಿಯಿಂದಲೇ ಶ್ರುತಿ ಮಾಡುವವರಿಗೆ
ಗಿಟಾರ್ ಚೀಲದಲ್ಲಿ ಇದೊಂದು ಇರಲೇಬೇಕು. ತಟ್ಟಿದರೆ ಸೆಕೆಂಡಿಗೆ 440 ಕಂಪನದ, ಅಂದರೆ 440 ಹರ್ಟ್ಸಿನ, ಎ ಸ್ವರ ಕೊಡುವ ಕವಲುಕಡ್ಡಿ ಇದು. ಬ್ಯಾಟರಿಯ ಗೊಡವೆಯಿಲ್ಲ. ಕವೆಯನ್ನು ಮಂಡಿಗೆ ತಟ್ಟಿ, ಹಿಡಿಯ ತುದಿಯನ್ನು ಗಿಟಾರಿನ ಬ್ರಿಜ್ಜಿಗೆ ಒತ್ತಿ. ಮೇಜಿನ ಅಂಚಿಗೆ ಹೊಡೆದರೆ ಕೀರಲು ಸ್ವರ ಬೆರೆಯುತ್ತದೆ, ಏಟು ಬಿದ್ದ ಕವೆಯೂ ಕೆಡಬಹುದು. ಐದನೇ ತಂತಿಯನ್ನು 5ನೇ ಫ್ರೆಟ್ಟಿನ ನೇರಕ್ಕೆ ಬೆರಳಲ್ಲಿ ಸೋಕಿಸಿ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರಿಸುವ ತೆಳು ಸ್ವರ) ನುಡಿಸಿ. ಅದೂ 440 ಹರ್ಟ್ಸ್. ಎರಡೂ ನಾದ ಕೂಡಿದಾಗ ಸೆಕೆಂಡಿಗೆ ಎರಡು ಅಲೆ (ದನಿಯ ಏರಿಳಿತ) ಕೇಳಿಸಿದರೆ 2 ಹರ್ಟ್ಸ್ ವ್ಯತ್ಯಾಸವಿದೆ ಎಂದರ್ಥ. ಅಲೆ ನಿಲ್ಲುವವರೆಗೆ ಬಿರಡೆ ತಿರುಗಿಸಿ, ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಇಳಿಸಿ ನಿಲ್ಲಿಸಿದ ತಂತಿ ಬಿರಡೆಯ ಸಡಿಲದಿಂದ ಮತ್ತೆ ಜಾರುತ್ತದೆ.

ಪಿಯಾನೋಗೆ ಇದು ಆರಂಭ ಮಾತ್ರ. ಅಲ್ಲಿ ಎಲ್ಲ ಸ್ವರಗಳೂ ಒಂದಕ್ಕೊಂದು ಹೊಂದಬೇಕಾದ್ದರಿಂದ 220 ಹರ್ಟ್ಸಿನ ಎ, ಅದರ ಮೇಲಿನ ಇ ಪೂರ್ತಿ ಅಲೆಯಿಲ್ಲದೆ ಕೂಡಬಾರದು. ನಾಲ್ಕು ಸೆಕೆಂಡಿಗೆ ಸುಮಾರು ಮೂರು ಅಲೆ ಉಳಿಯಲೇಬೇಕು. ಅಷ್ಟು ಎಣಿಸುವುದು ಕಿವಿಯ ಕೆಲಸ, ಕವೆಯದಲ್ಲ.