ಸ್ಟಾರ್ಡ್ಯೂ ವ್ಯಾಲಿ: ಮೊದಲ ವಸಂತದಲ್ಲಿ ಹೊಲವೋ, ಕಾಡೋ?

ಸ್ಟಾರ್ಡ್ಯೂ ವ್ಯಾಲಿ ಹೊಲ ನೋಡಿಕೊಳ್ಳುವ ಒಂದು ವಿಡಿಯೋ ಗೇಮ್. ಆಟ ಶುರುವಾದಾಗ ಕೈಯಲ್ಲಿ ಇರುವುದು 500 ಚಿನ್ನ (ಆಟದ ಹಣ) ಮಾತ್ರ. ಪಾರ್ಸ್ನಿಪ್ (ಕ್ಯಾರೆಟ್‌ನಂಥ ಗಡ್ಡೆ) ಬೀಜಕ್ಕೆ 20 ಕೊಟ್ಟು, 4 ದಿನ ನೀರು ಹಾಕಿದರೆ ಸಿಗುವುದು 35. ಅದೇ ಕಾಡಿನ ಲೀಕ್ (ಈರುಳ್ಳಿ ಜಾತಿಯ ಸೊಪ್ಪು) ಸುಮ್ನೆ ಕಿತ್ತು ಮಾರಿದರೆ 60! ಮಾರದೆ ತಿಂದರೆ 40 ಶಕ್ತಿ. ನೀರು ಹಾಕಿ ಸುಸ್ತಾದ ದಿನ ಇದು ದೊಡ್ಡ ಆಸರೆ. ಡ್ಯಾಂಡೆಲಿಯನ್ ಎಂಬ ಕಾಡು ಹೂ ಮಾರಿದರೂ 40 ಚಿನ್ನ ಬರುತ್ತದೆ. ಹಾಗಾಗಿ ಮೊದಲ ವಾರ ನನ್ನ ಓಟು ಕಾಡಿಗೇ.

ಆದರೆ ಕಾಡಿನಲ್ಲಿ ಸಿಕ್ಕಷ್ಟೇ ಸಿಗುತ್ತದೆ, ಹೊಲವನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು ಅಲ್ವಾ? ವಸಂತದ 13ನೇ ದಿನದ ಮೊಟ್ಟೆ ಹಬ್ಬದಲ್ಲಿ 100 ಕೊಟ್ಟು ಸ್ಟ್ರಾಬೆರಿ ಬೀಜ ತಗೊಂಡು, ಅದೇ ರಾತ್ರಿ ನೆಟ್ಟು ನೀರು ಹಾಕಿ. ಎರಡು ಕೊಯ್ಲು ಸಿಗುತ್ತದೆ, ಹಣ್ಣಿಗೆ 120. ಅಲ್ಲಿಂದ ಹೊಲವೇ ಜಾಸ್ತಿ ಲಾಭ. ಊರಿನ ಸಮುದಾಯ ಭವನದ ಕಟ್ಟುಗಳಿಗೆ (ಭವನ ಸರಿಪಡಿಸಲು ಕೊಡಬೇಕಾದ ವಸ್ತುಗಳ ಗುಂಪು) ಹೊಲದ್ದೂ ಕಾಡಿನದ್ದೂ ಎರಡೂ ಬೇಕು, ಪ್ರತಿಯೊಂದರಲ್ಲೂ ಒಂದೊಂದನ್ನು ಪೆಟ್ಟಿಗೆಯಲ್ಲಿ ಎತ್ತಿಡಿ.